ಪೂಜೆ ಮಾಡಿದ ಕೈ

ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರಿನ ಡಬ್ಬದೊಳಗೆ ಫ್ಯಾನು ತಿರುಗಿತು, ಮೂರು ಸಲ ಬೀಪ್ ಎಂದಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ದುರಗಪ್ಪ ಆರಿಸಿ ಮತ್ತೆ ಒತ್ತಿದ. ಮತ್ತೆ ಅದೇ ಬೀಪ್, ಅದೇ ಕಪ್ಪು. ತೊಂಬತ್ತೆಂಟರ ದಸರೆಯ ರಜೆ ಮುಗಿದ ಮೊದಲ ದಿನ ಅದು. ತಾರಿಹಾಳದ ಆ ಸಣ್ಣ ಪಂಪಿನ ಕಾರ್ಖಾನೆಯ ಆಫೀಸಿನಲ್ಲಿ ಅವನು ಹತ್ತೋ ಹನ್ನೆರಡೋ ಸಲ ಗುಂಡಿ ಒತ್ತಿ ಬೆವರುತ್ತಿದ್ದಾಗ ಮಾಲೀಕ ಮಹಾಂತಯ್ಯನವರು ಒಳಗೆ ಬಂದರು.

“ಏನ ಮಾಡೀರಿ ಅದಕ್ಕ?”

“ಏನೂ ಮಾಡಿಲ್ರಿ ಸಾಹೇಬ್ರ. ಹಬ್ಬದ ಮದ್ಲ ಛಲೋ ನಡದಿತ್ರಿ.”

ಮಹಾಂತಯ್ಯನವರು ರಿಪೇರಿಯವನಿಗೆ ಫೋನ್ ಹಚ್ಚಿದರು. ಇಪ್ಪತ್ತೆರಡು ವರ್ಷ ಇದೇ ಮೇಜಿನ ಮೇಲೆ ಟೈಪ್‌ರೈಟರ್ ಕುಟ್ಟಿದವನು ದುರಗಪ್ಪ. ಆರು ತಿಂಗಳ ಹಿಂದೆ ಈ ಕಂಪ್ಯೂಟರ್ ಬಂದಾಗ ಸಾಹೇಬರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು, “ಇದನ್ನ ನಡಸಾಕ ಬಂದ್ರ ಇರ್ರಿ. ಕೆಡಿಸಿದ ದಿನಾ ಮನಿ ಹಾದಿ ಹಿಡೀರಿ.” ಐವತ್ತು ದಾಟಿದ ಟೈಪಿಸ್ಟನನ್ನು ಹುಬ್ಬಳ್ಳಿಯಲ್ಲಿ ಇನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

ರಿಪೇರಿಯ ತಿಮೋತಿ ಸ್ಕೂಟರಿನಲ್ಲಿ ಬಂದ. ಒಂದು ಸಲ ಬೀಪ್ ಕೇಳಿ, ಸ್ಕ್ರೂ ಬಿಚ್ಚುತ್ತ, “ರ‍್ಯಾಮ್ ಅನ್ನೂ ಪಟ್ಟಿ ಸಡಲ ಆಗಿರಬೇಕ್ರಿ. ತಗದು ರಬ್ಬರಿಲೆ ತಿಕ್ಕಿ ಹಾಕಿದ್ರ ಹತ್ತರಾಗ ಒಂಬತ್ತು ಚಾಲೂ ಆಗ್ತಾವು,” ಎಂದ. ದುರಗಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಒಳಗಿನಿಂದ ಇರುವೆಗಳು ಸಾಲುಗಟ್ಟಿ ಮೇಜಿನ ಮೇಲೆ ಇಳಿದವು. ತಿಮೋತಿ ಬಗ್ಗಿ ಬ್ಯಾಟರಿ ಬಿಟ್ಟು ನೋಡಿದ. ಹಸಿರು ಬೋರ್ಡಿನ ಮೇಲೆ ನೀರು ಹರಿದು ಒಣಗಿದ ಬಿಳಿ ಕಲೆ. ಅದರ ಅಂಚಿಗೆ ಕುಂಕುಮದ ಕೆಂಪು.

“ಇದರ ಮ್ಯಾಲ ಕಾಯಿ ನೀರು ಹಾಕಿದವ್ರು ಯಾರ್ರಿ? ಗಾಳಿ ಆಡೂ ಸಂದ್ಯಾಗಿಂದ ಒಳಗ ಇಳದೈತಿ. ಬೋರ್ಡ ಹೋತ್ರಿ. ಇದು ಒರಸಿದ್ರ ಬರೂದಲ್ಲ.”

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಒಳಗಿನ ಲೇತುಗಳಿಗೆಲ್ಲ ಮೇಸ್ತ್ರಿಗಳು ಪೂಜೆ ಮಾಡಿದ್ದರು, ಆಫೀಸಿನ ಯಂತ್ರಕ್ಕೆ ದುರಗಪ್ಪನೇ ಮಾಡಿದ್ದ. ವರ್ಷಾ ವರ್ಷಾ ಟೈಪ್‌ರೈಟರಿಗೆ ಮಾಡಿದ ಹಾಗೆಯೇ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಅದರ ನೀರನ್ನು ಮೇಲಿನಿಂದ ಧಾರಾಳವಾಗಿ ಚಿಮುಕಿಸಿ, ನನ್ನ ಕೈ ಬಿಡಬೇಡಪ್ಪಾ ಎಂದು ಕಂಪ್ಯೂಟರಿಗೆ ಕೈಮುಗಿದಿದ್ದ. ಪಾಪ, ಟೈಪ್‌ರೈಟರು ಎಷ್ಟು ಕಾಯಿಯ ನೀರು ಕುಡಿದರೂ ಮರುದಿನ ಎಂದಿನಂತೆ ಟಕಟಕ ಎನ್ನುತ್ತಿತ್ತು.

“ಆಫೀಸಿನ್ಯಾಗ ಪೂಜಿ ಮಾಡಿದವ್ರು ಯಾರು?” ಮಹಾಂತಯ್ಯನವರು ಕೇಳಿದರು. ಅವತ್ತು ಅವರು ಮನೆಯ ಪೂಜೆಯಲ್ಲಿದ್ದರು, ಇತ್ತ ಹಾಯ್ದಿರಲಿಲ್ಲ.

ನಾನು ಎನ್ನುವ ಮಾತು ದುರಗಪ್ಪನ ಗಂಟಲವರೆಗೆ ಬಂತು. ಬಾಗಿಲಾಚೆ ದಾನವ್ವ ಕಸ ಗುಡಿಸುತ್ತಿದ್ದಳು. “ನಾ ಒಳಗ ಮೇಸ್ತ್ರಿಗಳ ಜೋಡಿ ಇದ್ನಿರಿ,” ಎಂದ. “ಇಲ್ಲೆ... ದಾನವ್ವ ಮಾಡಿರಬೇಕ್ರಿ.” ನಾಲಿಗೆ ಇಷ್ಟು ಸಲೀಸಾಗಿ ಹೊರಳಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಹಾಂತಯ್ಯನವರು ಕೂಗಿದರು. ದಾನವ್ವ ಕಸಬರಿಗೆ ಹಿಡಿದುಕೊಂಡೇ ಬಂದು ನಿಂತಳು.

“ನಿನ್ನ ಗಂಡ ಇಲ್ಲೇ ಕೆಲಸದಾಗ ಸತ್ತಾನಂತ ಕರುಣಾ ಮಾಡಿ ಇಟಗೊಂಡ್ರ, ಕಂಪ್ಯೂಟರಿಗೆ ಕಾಯಿ ನೀರು ಸುರವಿ ಅದನ್ನೂ ಕೊಂದ್ಯಲ್ಲ! ಯಾರು ಹೇಳಿದ್ರು ನಿನಗ?”

“ಸಾಹೇಬ್ರ, ನಾ ಅವತ್ತ...”

“ನೀ ಏನೂ ಹೇಳಬ್ಯಾಡ. ನಾಳಿಂದ ಕೆಲಸಕ್ಕ ಬರಬ್ಯಾಡ.”

ದಾನವ್ವ ದುರಗಪ್ಪನ ಕಡೆ ನೋಡಿದಳು. ಅವನು ಬಾಯಿ ಬಿಡಲು ಬೇಕಾದಷ್ಟು ಹೊತ್ತು ನೋಡಿದಳು. ಅವನು ತಿಮೋತಿ ಬಿಚ್ಚಿಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ಅವಳು ಕಸಬರಿಗೆಯನ್ನು ಮೂಲೆಗೆ ಆನಿಸಿ, ಬುತ್ತಿಯ ಡಬ್ಬಿ ಎತ್ತಿಕೊಂಡು ಹೊರಟಳು.

ಗೇಟಿನ ಹತ್ತಿರ ಅವನು ಓಡಿಹೋಗಿ ಅವಳನ್ನು ನಿಲ್ಲಿಸಿದ. ಸಾಹೇಬರು ಕಿಟಕಿಯಿಂದ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, “ಸಿಟ್ಟಾಗಬ್ಯಾಡವಾ ದಾನವ್ವ. ನಾಕು ದಿನಾ ತಡಿ. ನಾ ಹೇಳಿ ಮತ್ತ ಕರಿಸ್ತೇನಿ,” ಎಂದ. ಕರೆಸುವುದು ತನ್ನಿಂದಾಗುವುದಿಲ್ಲ ಎಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು.

ದಾನವ್ವ ಅಳಲಿಲ್ಲ, ಬೈಯಲೂ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಗಂಡ ಸತ್ತಾಕಿ ನೀ, ಪೂಜಿ ತಾಟು ಮುಟ್ಟಬ್ಯಾಡ ಅಂತ ಅವತ್ತ ನೀವ ನನ್ನ ಹೊಸ್ತಿಲ ಹೊರಗ ನಿಂದ್ರಿಸಿದ್ರಿ, ಅಣ್ಣಾರ. ಇವತ್ತ ಇಡೀ ಪೂಜಿ ನನ್ನ ಕೈಲೆ ಮಾಡಿಸಿಬಿಟ್ರಲ್ರೀ.”