ಇಬ್ಬನಿ ಆರದ ಹುಲ್ಲು

ಪುಸ್ತಕದ ವ್ಯಾನು ಹಟ್ಟಿಯ ಬೇವಿನ ಮರದಡಿ ನಿಲ್ಲುವುದಕ್ಕೂ ಕಾಳಕ್ಕ ಬಂದು ಎದುರು ನಿಲ್ಲುವುದಕ್ಕೂ ಸರಿಹೋಯಿತು. ಕೈಯಲ್ಲಿ ಕುರಿ ಸಾಕಣೆಯ ತೆಳ್ಳನೆಯ ಪುಸ್ತಕ. ಸಾಕ್ಷರತಾ ಆಂದೋಲನದಲ್ಲಿ ಹೊಸದಾಗಿ ಓದು ಕಲಿತವರಿಗೆಂದೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದು. ಹದಿನೈದು ದಿನದ ಹಿಂದೆ ಗ್ರಂಥಪಾಲಕ ತಿಪ್ಪೇರುದ್ರಪ್ಪ ತಾನೇ ಆರಿಸಿ ಅವಳಿಗೆ ಕೊಟ್ಟಿದ್ದ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತ ಕಾಳಕ್ಕ ಓದಿದ ಮೊದಲ ಪುಸ್ತಕ ಅದು.

"ಸಾರ್, ಈ ಪುಸ್ತಕ ತಪ್ಪೈತೋ, ನನ್ನ ಓದು ತಪ್ಪೈತೋ, ಅದೊಂದ್ ಹೇಳ್ರಿ," ಎಂದಳು.

ನಡೆದದ್ದು ಇಷ್ಟು. ಬೆಳಿಗ್ಗೆ ಇಬ್ಬನಿ ಆರದ ಹುಲ್ಲಿಗೆ ಕುರಿ ಬಿಡಬೇಕೆಂದು ಅವಳು ಅದರಲ್ಲಿ ಓದಿದ್ದಳು. ಇಬ್ಬನಿ ಹುಲ್ಲು ಮೇಯ್ದ ಕುರಿಗೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುವುದು ಹಟ್ಟಿಯ ಕೂಸಿಗೂ ಗೊತ್ತು. ಗಂಡ ಕರಿಸಿದ್ದಪ್ಪನಿಗೆ ಹೇಳಿದರೆ, ನಿನಗಿನ್ನೂ ಅಕ್ಷರ ಒಲಿದಿಲ್ಲ ಬಿಡು ಎಂದು ನಕ್ಕಿದ್ದ. ಓದಿದವರು ಬರೆದದ್ದು ಸುಳ್ಳಿರಲಾರದು, ಹಿರಿಯರು ಕಂಡುಕೊಂಡದ್ದೂ ಸುಳ್ಳಿರಲಾರದು. ಹಾಗಾದರೆ ನಿಜ ಯಾವುದು? ಅವಳಿಗೆ ಸುಮ್ಮನಿರಲಾಗಲಿಲ್ಲ. ತವರಿನವರು ಕೊಟ್ಟಿದ್ದ ಒಂದು ಕುರಿಯನ್ನು ಮಾತ್ರ ಮುಂಜಾನೆ ಒದ್ದೆ ಹುಲ್ಲಿಗೆ ಬಿಟ್ಟು ನೋಡಿದಳು. ಮೂರನೆಯ ದಿನ ಅದರ ಎಡಪಕ್ಕೆ ತಮಟೆಯ ಹಾಗೆ ಬಿಗಿಯಿತು. ಎಣ್ಣೆ ಕುಡಿಸಿ, ಅಡ್ಡಾಡಿಸಿ, ಹೇಗೋ ಉಳಿಸಿಕೊಂಡಳು. ಕರಿಸಿದ್ದಪ್ಪ ಆಮೇಲೆ ನಗಲಿಲ್ಲ. ಇನ್ನು ಓದು ಕಲಿಯಲು ಹೋಗುವುದೇ ಬೇಡ ಎಂದುಬಿಟ್ಟಿದ್ದ.

ತಿಪ್ಪೇರುದ್ರಪ್ಪ ಅವಳು ತೋರಿಸಿದ ಸಾಲನ್ನು ಒಂದೇ ಉಸಿರಿಗೆ ಓದಿದ. "'ಇಬ್ಬನಿ ಆರಿದ ಹುಲ್ಲಿಗೆ ಕುರಿ ಬಿಡಬೇಕು.' ಆರಿದ ಅಂತ ಐತಲ್ಲಕ್ಕ, ಸರಿಯಾಗೇ ಐತೆ."

"ಹಂಗಾರೆ ನನ್ನ ಓದೇ ತಪ್ಪು," ಎಂದಳು ಕಾಳಕ್ಕ. ಸೊಂಟದ ಎಲೆಅಡಿಕೆ ಚೀಲದಿಂದ ಗ್ರಂಥಾಲಯದ ಕಾರ್ಡು ತೆಗೆದು ಪುಸ್ತಕದ ಮೇಲಿಟ್ಟು ಹೊರಟಳು. ಬೇರೆ ಪುಸ್ತಕ ಕೊಡುತ್ತೇನೆ ಬಾ ಎಂದು ಕರೆದರೂ ತಿರುಗಿ ನೋಡಲಿಲ್ಲ.

ವ್ಯಾನು ಬಬ್ಬೂರು ದಾಟಿ ಹಿರಿಯೂರಿನ ದಾರಿ ಹಿಡಿಯಿತು. ತಿಪ್ಪೇರುದ್ರಪ್ಪನಿಗೆ ಅವಳು ಓದುವ ರೀತಿಯೇ ಕಣ್ಣಮುಂದಿತ್ತು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ತುಟಿಯಲ್ಲೇ ಹೇಳಿಕೊಂಡು, ಖಾತ್ರಿಯಾದ ಮೇಲೆ ಮುಂದಿನದಕ್ಕೆ ಹೋಗುವವಳು. ಅಷ್ಟು ನಿಧಾನದವಳು ಇಲ್ಲದ್ದನ್ನು ಓದಿದ್ದಾದರೂ ಹೇಗೆ? ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿ ತಾನೂ ಅವಳ ಹಾಗೆ ಬೆರಳಿಟ್ಟ. ಇ, ಬ್ಬ, ನಿ. ಆ, ರ... ಬೆರಳು ಅಲ್ಲೇ ನಿಂತಿತು. ರ ಮೇಲೆ ಗುಡಿಸು ಇರಲಿಲ್ಲ. ಅಚ್ಚಿನಲ್ಲಿ ಬಿಟ್ಟುಹೋಗಿತ್ತು. ಇದೇ ಪುಟವನ್ನು ಅವನು ಎಷ್ಟೋ ಹಟ್ಟಿಗಳಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದ, ಒಮ್ಮೆಯೂ ಕಂಡಿರಲಿಲ್ಲ. ಗೊತ್ತಿದ್ದುದನ್ನು ಬಾಯಿ ಹೇಳಿಕೊಂಡು ಹೋಗಿತ್ತೇ ಹೊರತು ಕಣ್ಣು ಓದಿರಲಿಲ್ಲ. ಡ್ರೈವರ್ ಓಬಯ್ಯನಿಗೆ ಗಾಡಿ ತಿರುಗಿಸಲು ಹೇಳಿದ.

ಕಾಳಕ್ಕ ಕುರಿ ಕೂಡುವ ರೊಪ್ಪದಲ್ಲಿ ಕಸ ಗುಡಿಸುತ್ತಿದ್ದಳು. ಕರಿಸಿದ್ದಪ್ಪ ಬೇಲಿಗೆ ಮುಳ್ಳು ಒಟ್ಟುತ್ತಿದ್ದ. ಇಬ್ಬರಿಗೂ ಕೇಳುವಂತೆ ತಿಪ್ಪೇರುದ್ರಪ್ಪ, ಪುಸ್ತಕ ತಪ್ಪು, ನಾನು ಓದಿದ್ದೂ ತಪ್ಪು, ಕಾಳಕ್ಕ ಓದಿದ್ದೊಂದೇ ಸರಿ ಎಂದ. ಅವಳು ಕೈ ಒರೆಸಿಕೊಂಡು ಬಂದು ಪುಟದ ಮೇಲೆ ಬಗ್ಗಿದಳು.

"ಬರ್ದೋರು, ಅಚ್ಚು ಹಾಕ್ದೋರು, ಓದ್ದೋರು, ಇಷ್ಟು ಜನದಾಗೆ ಯಾರಿಗೂ ಕಾಣ್ಲಿಲ್ವ ಸಾರ್?"

ತಿಪ್ಪೇರುದ್ರಪ್ಪ ಜೇಬಿನ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ. ಕಾಳಕ್ಕ ಉಸಿರು ಬಿಗಿಹಿಡಿದು ಗುಡಿಸು ಹಾಕಿದಳು. ಅದು ಅಕ್ಷರಕ್ಕಿಂತ ದೊಡ್ಡದಾಯಿತು. ಓದು ಬಾರದ ಕರಿಸಿದ್ದಪ್ಪ ಮುಳ್ಳು ಬಿಟ್ಟು ಬಂದು ಆ ಗೆರೆಯನ್ನೇ ಬಹಳ ಹೊತ್ತು ನೋಡಿದ.

"ಇಷ್ಟಕ್ಕೇ ಕುರಿ ಉಬ್ಬರಿಸ್ತಾ?" ಎಂದು ಕೇಳಿದ. ಆಮೇಲೆ ಗ್ರಂಥಪಾಲಕನ ಕೈಯಿಂದ ಕಾರ್ಡು ಇಸಿದುಕೊಂಡು ತಾನೇ ಹೆಂಡತಿಗೆ ಕೊಟ್ಟ.

ಆ ಪುಸ್ತಕದ ನಲವತ್ತು ಪ್ರತಿಗಳು ಜಿಲ್ಲೆಯ ಗ್ರಂಥಾಲಯಗಳಿಗೆ ಹಂಚಿಹೋಗಿದ್ದವು. ಮುಂದಿನ ಎರಡು ತಿಂಗಳು ತಿಪ್ಪೇರುದ್ರಪ್ಪ ಹೋದ ಕಡೆಯೆಲ್ಲ ಅವನ್ನು ಹುಡುಕಿ ತೆಗೆಸಿದ. ಭರಮಸಾಗರದಲ್ಲಿ, ಹೊಸದುರ್ಗದಲ್ಲಿ, ಒಂದೊಂದರಲ್ಲೂ ಕೆಂಪು ಶಾಯಿಯಿಂದ ಗುಡಿಸು ಹಾಕಿದ. ಹೊಳಲ್ಕೆರೆಯ ಪ್ರತಿಯನ್ನು ಬಿಡಿಸಿದಾಗ ಮಾತ್ರ ಪೆನ್ನು ತಡೆಯಿತು. ಅಲ್ಲಿ ಗುಡಿಸು ಆಗಲೇ ಇತ್ತು. ಸೀಸದ ಕಡ್ಡಿಯಲ್ಲಿ, ಸಣ್ಣಗೆ, ಅಚ್ಚುಕಟ್ಟಾಗಿ. ಯಾರೋ ಕಂಡು, ತಿದ್ದಿ, ಯಾರಿಗೂ ಒಂದು ಮಾತು ಹೇಳದೆ ಪುಸ್ತಕ ಹಿಂದಿರುಗಿಸಿದ್ದರು.

ಯಾರೆಂದು ತಿಳಿಯುವ ಆಸೆಗೆ ಪುಸ್ತಕ ಕೊಡುವ ರಿಜಿಸ್ಟರನ್ನು ತರಿಸಿ ನೋಡಿದ. ಎರಡು ವರ್ಷದಲ್ಲಿ ಆ ಪ್ರತಿಯನ್ನು ಒಯ್ದವನು ಒಬ್ಬನೇ. ಹೆಸರು ಜುಂಜಯ್ಯ, ಕೆಲಸ ಕುರಿ ಕಾಯುವುದು. ಸಹಿ ಮಾಡಬೇಕಾದ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ತನಗೆ ಓದು ಬರುತ್ತದೆ ಎನ್ನುವುದನ್ನೂ ಅವನು ಯಾರಿಗೂ ಹೇಳಿರಲಿಲ್ಲ.