ಹೆಬ್ಬೆರಳ ರೂಢಿ

ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದ ಮೇಲಿನ ಒಂದು ಬೆಳಿಗ್ಗೆ, ಗಂಗೊಳ್ಳಿಯ ಜಲಜಜ್ಜಿ ಸೋರುತ್ತಿದ್ದ ಗಾಜಿನ ತೊಟ್ಟಿಯಿಂದ ಮೊಮ್ಮಗಳು ಸಿಂಚನಾಳ ಉಪ್ಪುನೀರಿನ ಮೀನನ್ನು ಬೊಗಸೆಯಲ್ಲಿ ಎತ್ತಿದಳು. ಕಡಲ ನೀರು ತುಂಬಿದ ಹೊಸ ತೊಟ್ಟಿ ಪಕ್ಕದಲ್ಲೇ ಇತ್ತು. ಆದರೆ ಬುಟ್ಟಿ ಹೊತ್ತು ಮೀನು ಮಾರಿದ ಕೈಯಲ್ಲವೇ, ಹೆಬ್ಬೆರಳು ತಾನಾಗಿ, ಮೀನು ತಾಜಾವೇ ಎಂದು ಕಿವಿರು ಎತ್ತಿ ಕೆಂಪು ನೋಡಲು ಹೋಯಿತು.

"ಅಜ್ಜೀ, ಎಂತ ಮಾಡ್ತ್ರಿ? ಅದ್ ಮಾರೂಕಲ್ಲ!" ಸಿಂಚನಾ ಕಿರುಚಿದಳು. ನಾಳೆ ಅಪ್ಪ ಅಮ್ಮನ ಜೊತೆ ಮುಂಬೈಗೆ ಹೊರಟರೆ, ಮೀನನ್ನು ಈ ಕೈಗೇ ಬಿಟ್ಟು ಹೋಗಬೇಕಲ್ಲ!

ಹೆಬ್ಬೆರಳು ನಿಂತಿತು. "ಹೆದ್ರ್‌ಬೇಡ ಮಗಾ, ಈ ಕೈಗೆ ಸತ್ತ ಮೀನೇ ರೂಢಿ," ಎಂದ ಅಜ್ಜಿ ಬೊಗಸೆಯನ್ನು ಹೊಸ ನೀರಲ್ಲಿ ಮುಳುಗಿಸಿ ಹಾಗೇ ಹಿಡಿದಳು. ಮೀನು ಬೆರಳುಗಳ ನಡುವೆ ಸುಧಾರಿಸಿಕೊಂಡು ಈಜಿ ಹೋಯಿತು. ಮತ್ತೆ ಬಂದು ಅದೇ ಹೆಬ್ಬೆರಳನ್ನು ಮೂಸಿತು.

ಸಿಂಚನಾ ಮೀನಿನ ತಿಂಡಿಯ ಡಬ್ಬಿಯನ್ನು ಅಜ್ಜಿಯ ಒದ್ದೆ ಕೈಗಿಟ್ಟಳು. ಮೊದಲು ಮೀನಿಗೆ, ಆಮೇಲೆ ಅಜ್ಜಿಗೆ "ಬತ್ತೆ" ಎಂದು ಹೇಳಿ ಮರುದಿನ ಹೊರಟಳು.