ಬೀಗದಕೈ

ಪ್ರಾಣ ತೆಗೆಯುವ ಮದ್ದನ್ನು ಡಾಕ್ಟರು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಂತೆ ಬೆಕ್ಕು ಆಯಾಳ ಕಂಕುಳಲ್ಲಿ ಮುಖ ಹುದುಗಿಸಿತು. ಅದರ ಕಿವಿಯ ಹಿಂದೆ ಕೂದಲುದುರಿ ಹುಳುಕಡ್ಡಿ ದುಂಡಗೆ ಎದ್ದು ಕಾಣುತ್ತಿತ್ತು.

"ಮೇಜಿನ ಮೇಲೆ ಇಡಮ್ಮ ಅದನ್ನ. ಈ ಪ್ರಾಣಿಗಳ ಆಶ್ರಮದಲ್ಲಿ ನಲವತ್ತು ಬೆಕ್ಕಿವೆ, ಎಲ್ಲಕ್ಕೂ ಅಂಟಿದ್ರೆ ನನ್ನ ತಲೆಗೆ ಬರುತ್ತೆ."

"ಫಂಗಸ್ ಗುಳಿಗೆ ಕೊಡ್ತಾ ಇದೀನಲ್ಲ ಸಾರ್, ಇವತ್ತಿಗೆ ಹನ್ನೆರಡು ದಿನ. ಆರು ವಾರ ಬೇಕು ಅಂದಿದ್ದು ನೀವೇ."

"ಅಂದಿದ್ದೆ. ಅಲ್ಲೀವರೆಗೆ ಬೇರೆ ಇಡೋಕೆ ಕೋಣೆ ಎಲ್ಲಿದೆ? ಬೇರೆ ದಾರಿ ಇಲ್ಲ."

ಆಯಾ ಬೆಕ್ಕನ್ನು ಇಳಿಸಲಿಲ್ಲ. ಕೈಗವಸು ಕಂಡರೆ ಅದು ಬಾಯಿಯನ್ನೇ ತೆರೆಯುವುದಿಲ್ಲವೆಂದು ಇಷ್ಟು ದಿನವೂ ಬರಿಗೈಯಲ್ಲೇ ಗುಳಿಗೆ ನುಂಗಿಸಿದವಳು ಅವಳು. ಈಗ ಅಂಗಿತೋಳಿನ ಗುಂಡಿಯನ್ನು ಹಲ್ಲಿನಿಂದಲೇ ಬಿಚ್ಚಿ, ತೋಳನ್ನು ಮೇಲೆ ಸರಿಸಿ, ಕೈಯನ್ನು ಡಾಕ್ಟರ ಮೂಗಿನ ಮುಂದೆ ಹಿಡಿದಳು. ಮಣಿಕಟ್ಟಿನ ಮೇಲೆ ಅಂಥದೇ ಕೆಂಪು ಉಂಗುರವಿತ್ತು.

"ನನಗೂ ಅದೇ ರೋಗ. ಬೇರೆ ದಾರಿ ಇಲ್ಲ ಅಂದ್ರಲ್ಲ, ಮೊದಲು ಇಲ್ಲಿ ಚುಚ್ಚಿ."

ಡಾಕ್ಟರು ಆ ಉಂಗುರ ನೋಡಿ ಸೂಜಿಗೆ ಮುಚ್ಚಳ ಹಾಕಿದರು. ಆಯಾ ಕೈ ಹಿಂದೆಗೆಯಲಿಲ್ಲ. ಮಗುಚಿ ಅಂಗೈ ಒಡ್ಡಿದಳು.

"ಉಗ್ರಾಣದ ಬೀಗದಕೈ ಕೊಡಿ. ಇನ್ನು ಮೂವತ್ತು ದಿನ ನಾವಿಬ್ರೂ ಅಲ್ಲೇ ಇರ್ತೀವಿ."